ರೊಟ್ಟಿ ತಟ್ಟುವ ಸದ್ದಿನ ಹಿಂದೆ ನನ್ನ ದನಿ

ಸೊಸೆಯ ಅಡುಗೆ ವಿಡಿಯೊಗಳ ಕೆಳಗೆ ಎಲ್ಲಕ್ಕಿಂತ ಕೆಟ್ಟ ಮಾತು ಬರೆದವನು ನಾನು. ಸುಳ್ಳು ಹೆಸರಿನಲ್ಲಿ ಬರೆದೆ. ಎಪ್ಪತ್ತು ದಾಟಿದ ಮೇಲೆ ಮಾಡಿದ ತಪ್ಪಿಗೆ ಬುದ್ಧಿ ಬಲಿಯದ ವಯಸ್ಸು ಎಂಬ ನೆಪವೂ ಇಲ್ಲ.

ನಮ್ಮದು ಮಹಾರಾಷ್ಟ್ರದ ಮಿರಜದಲ್ಲಿರುವ ಕನ್ನಡ ಮನೆ. ನಾನು ಹತ್ತನೆಯ ತರಗತಿ ಮುಗಿಸಿ ಕುಪವಾಡ ಎಂಐಡಿಸಿಯ ಕಾರ್ಖಾನೆಯಲ್ಲಿ ಲೇಥ್ ಮಶೀನಿನ ಮುಂದೆ ನಿಂತವನು, ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಸೊಸೆ ಸಾಂಗ್ಲಿಯ ಮರಾಠಿ ಮನೆಯ ಮಗಳು. ಮದುವೆಯಾಗಿ ಬಂದಾಗ ಆಕೆಗೆ ‘ಊಟ ಆತೇನ್ರಿ’ ಬಿಟ್ಟರೆ ಕನ್ನಡ ಬರುತ್ತಿರಲಿಲ್ಲ. ಉಳಿದದ್ದನ್ನು ನನ್ನ ಹೆಂಡತಿ ಒಲೆಯ ಮುಂದೆ ಕೂರಿಸಿಕೊಂಡು ಕಲಿಸಿದಳು. ರೊಟ್ಟಿ, ಝುಣಕ, ಎಣ್ಣೆಗಾಯಿ, ಜೊತೆಗೆ ಮಾತು. ಹೆಂಡತಿ ತೀರಿಕೊಂಡ ಮರುವರ್ಷ ಸೊಸೆ ಅದೇ ಅಡುಗೆಗಳನ್ನು ಫೋನಿನಲ್ಲಿ ತೋರಿಸತೊಡಗಿದಳು, ಕನ್ನಡದಲ್ಲೇ. ‘ನಮ್ಮ ಅತ್ಯಾರು ಹಿಂಗ ಕಲಿಸ್ಯಾರ’ ಎಂದೇ ಪ್ರತಿ ವಿಡಿಯೊ ಶುರುವಾಗುತ್ತಿತ್ತು.

ನೋಡುವವರು ಹೆಚ್ಚಿದಂತೆ ಆಡಿಕೊಳ್ಳುವವರೂ ಹೆಚ್ಚಿದರು. ಇದೆಂಥ ಕನ್ನಡ, ಮೊದಲು ಮಾತು ಕಲಿತುಕೋ ಎಂದು ಕರ್ನಾಟಕದ ಕಡೆಯವರು. ಮರಾಠಿ ಮಗಳಾಗಿ ಕನ್ನಡ ಯಾಕೆ ಎಂದು ಈ ಕಡೆಯವರು. ಆಕೆ ಬೆಳಗಿನ ಚಹಾ ಕುದಿಯುವಾಗ ಅವನ್ನೆಲ್ಲ ಜೋರಾಗಿ ಓದಿ ನಗುತ್ತಿದ್ದಳು. ಹೊಲಸು ಮಾತನ್ನು ಅಳಿಸುತ್ತಿದ್ದಳು. ಭಾಷೆಯ ಬಗ್ಗೆ ಅಂದವರಿಗೆ ಮಾತ್ರ ‘ಎಲ್ಲಿ ತಪ್ಪೇತಿ ಹೇಳ್ರಿ, ತಿದ್ಕೋತೇನಿ’ ಎಂದು ಬರೆಯುತ್ತಿದ್ದಳು. ಅರ್ಧಕ್ಕರ್ಧ ಜನ ಅಲ್ಲಿಗೇ ಸುಮ್ಮನಾಗುತ್ತಿದ್ದರು.

ಸುಮ್ಮನಿರಲಾಗದವನು ನಾನು. ಮಾರ್ಕೆಟ್ಟಿನ ಚಹಾದಂಗಡಿಯಲ್ಲಿ ಹಳೆಯ ಗೆಳೆಯನೊಬ್ಬ ಎಲ್ಲರ ಮುಂದೆ ಅಂದ: “ಏನಪಾ, ನಿನ್ನ ಸೊಸಿ ಬದ್ನಿಕಾಯಿ ಹೆಚ್ಚಿದಂಗ ಕನ್ನಡಾನೂ ಹೆಚ್ಚತಾಳಲಾ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಮರುದಿನ ಫೋನ್ ಅಂಗಡಿಯವನಿಂದ ಬೇರೆ ಹೆಸರಿನ ಖಾತೆ ಮಾಡಿಸಿಕೊಂಡೆ. ನನಗೆ ಅಕ್ಷರ ಒತ್ತಲು ಬಾರದು. ಮೈಕಿನ ಗುರುತು ಒತ್ತಿ ಮಾತನಾಡಿದರೆ ಫೋನೇ ಬರೆದುಕೊಳ್ಳುತ್ತದೆ. ಮನೆಯ ಹಿಂದೆ ನೀರಿನ ಟಾಕಿಯ ಪಕ್ಕ ನಿಂತು, ಶಾಲೆಯ ಪಾಠ ಓದುವವನ ಹಾಗೆ ಒಂದೊಂದೇ ಶಬ್ದ ಹೇಳಿದೆ: “ನಿನ್ನ ಅತ್ತೆ ಬದುಕಿದ್ದರೆ ನಿನ್ನ ಮಾತು ಕೇಳಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಭಾಷೆ ಬಾರದವರು ಬಾಯಿ ಮುಚ್ಚಿಕೊಂಡು ಅಡುಗೆ ಮಾಡಲಿ.” ಫೋನು ಮೊದಲ ಸಲ ಸರಿಯಾಗಿ ಹಿಡಿಯಲಿಲ್ಲ. ಇನ್ನೂ ಗಟ್ಟಿಯಾಗಿ ಹೇಳಿದೆ.

ಆಕೆ ನಿಲ್ಲಿಸಿದರೆ ಆಡಿಕೊಳ್ಳುವವರ ಬಾಯಿಯೂ ನಿಲ್ಲುತ್ತದೆ, ಇದು ಆಕೆಯ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಚಹಾದಂಗಡಿಯಲ್ಲಿ ನನ್ನ ಮರ್ಯಾದೆ ಉಳಿಯಬೇಕಿತ್ತು, ಅಷ್ಟೇ.

ನನ್ನ ಮಾತಿನ ಬೆನ್ನಿಗೆ ಬಹಳ ಜನ ಸಾಲುಗಟ್ಟಿದರು. ಸೊಸೆ ಮರುದಿನ ಬೆಳಗ್ಗೆ ಏನನ್ನೂ ಓದಲಿಲ್ಲ, ನಗಲಿಲ್ಲ. ಫೋನಿನ ಸ್ಟ್ಯಾಂಡನ್ನು ಮಡಚಿ ಕಪಾಟಿನ ಮೇಲಿಟ್ಟಳು. ನನ್ನೊಂದಿಗೆ ಕನ್ನಡದಲ್ಲಿ ಮಾತನಾಡುವುದನ್ನೂ ಬಿಟ್ಟಳು. “ಮಾಮಾ, ಜೇವಾಯಲಾ ಯಾ” ಎಂದು ಮರಾಠಿಯಲ್ಲೇ ಊಟಕ್ಕೆ ಕರೆಯುತ್ತಿದ್ದಳು. ಹತ್ತು ವರ್ಷ ನನ್ನ ಹೆಂಡತಿ ಕಟ್ಟಿದ್ದನ್ನು ಎರಡು ವಾಕ್ಯದಲ್ಲಿ ಕೆಡವಿದ್ದೆ.

ಎಂಟು ದಿನದ ಮೇಲೆ, ಮಧ್ಯಾಹ್ನ, ಆಕೆ ಫೋನು ಹಿಡಿದು ಬಂದು ನನ್ನ ಮುಂದೆ ಕುಳಿತಳು. ಹಿಂದಿನ ವಾರ ಚಿತ್ರೀಕರಿಸಿ, ಹಾಕದೇ ಉಳಿದ ರೊಟ್ಟಿಯ ವಿಡಿಯೊ ಅಳಿಸಲು ತೆರೆದಿದ್ದಳಂತೆ. ನನಗೂ ಕೇಳಿಸಿದಳು. ತಪ್ ತಪ್ ಎಂದು ರೊಟ್ಟಿ ತಟ್ಟುವ ಸದ್ದು. ಅದರ ಹಿಂದೆ, ಅಡುಗೆಮನೆಯ ಕಿಟಕಿಯಿಂದ, ಟಾಕಿಯ ಕಡೆಯಿಂದ, ನನ್ನ ದನಿ. ಎರಡು ಸಲ. ಎರಡನೆಯ ಸಲ ಬಹಳ ಸ್ಪಷ್ಟ.

“ಮಾಮಾ, ಇದು ನೀವ ಏನ್ರಿ?” ಎಂದಳು, ಕನ್ನಡದಲ್ಲಿ.

“ಹೌದವಾ. ನಾನ.”

“ಅತ್ಯಾರು ಖರೇನ ಕಿವಿ ಮುಚ್ಕೋತಿದ್ರೇನ್ರಿ?”

ಆಕೆಗೆ ನೋವಾದದ್ದು ಎಲ್ಲಿ ಎಂದು ಆಗ ತಿಳಿಯಿತು. “ಇಲ್ಲವಾ. ನೀ ತಪ್ಪಿ ಮಾತಾಡಿದ್ದನ್ನ ಸಂಜಿಕ ನನ್ನ ಮುಂದ ಹೇಳಿ ಖುಷಿ ಪಡತಿದ್ಲು. ಈಗ ಅಳಿಸಿಬಿಡ್ತೇನಿ.”

“ಅಳಿಸಿದ್ರ ಓದಿದವ್ರು ಮರೀತಾರೇನ್ರಿ? ನೀವು ಹೇಳಿದ್ದು ಎಲ್ಲಾರೂ ಕೇಳ್ಯಾರ. ಇದನ್ನೂ ಎಲ್ಲಾರೂ ಕೇಳ್ಲಿ.” ಎದ್ದು ಹೋಗಿ ಸ್ಟ್ಯಾಂಡು ಇಳಿಸಿದಳು.

ಮರುದಿನ ಬೆಳಗ್ಗೆ ಕ್ಯಾಮೆರಾದ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ: ಆ ಸುಳ್ಳು ಹೆಸರು ನನ್ನದು, ಆ ಮಾತು ಸುಳ್ಳು, ಈಕೆಯ ಅತ್ತೆ ಈಕೆಯ ಕನ್ನಡ ಕೇಳಿ ಸಂತೋಷಪಟ್ಟವಳು. ನಿಜ ಹೇಳುವಾಗ ಮೈಕಿನ ಮುಂದೆ ಕೂಗಬೇಕಾಗಲಿಲ್ಲ.

ಈಗ ಬೈಗುಳ ನನ್ನ ಪಾಲಿಗೆ ಬಂದವು. ‘ಮುದುಕನಿಗೆ ನಾಚಿಕೆಯಿಲ್ಲ’, ‘ಇಂಥ ಮಾವ ಯಾರಿಗೂ ಬೇಡ’. ಸೊಸೆ ಒಂದನ್ನೂ ಅಳಿಸಲಿಲ್ಲ, ಅಳಿಸೆಂದು ನಾನೂ ಕೇಳಿಕೊಳ್ಳಲಿಲ್ಲ. ಚಹಾ ಕುದಿಯುವಾಗ ನಾನೇ ಜೋರಾಗಿ ಓದುತ್ತೇನೆ. ಮೊದಮೊದಲು ಆಕೆ ಬೆನ್ನು ತಿರುಗಿಸಿಯೇ ಇರುತ್ತಿದ್ದಳು. ಈಗ ನಗುತ್ತಾಳೆ.

ಚಹಾದಂಗಡಿಯ ಗೆಳೆಯ, “ಮನಿ ಮಾತು ಊರಿಗೆಲ್ಲಾ ಹೇಳಿದ್ಯಲ್ಲೋ” ಎಂದ. “ಊರಿನ ಮಾತು ಮನಿಗೆ ಒಯ್ದಾಂವನೂ ನಾನ ಅಲ್ಲೇನು?” ಎಂದೆ. ಅಂದು ಚಹಾ ಪೂರ್ತಿ ಕುಡಿದೇ ಎದ್ದೆ.

ಮೊನ್ನೆ ಚಿತ್ರೀಕರಣದ ನಡುವೆ ಸೊಸೆ ಒಂದು ಕನ್ನಡ ಶಬ್ದ ಸಿಗದೆ ತಡೆದು ನನ್ನ ಕಡೆ ನೋಡಿದಳು. ನನಗೂ ಮರಾಠಿ ಶಬ್ದವೇ ಬಾಯಿಗೆ ಬಂತು. ಅದನ್ನೇ ಗಟ್ಟಿಯಾಗಿ ಹೇಳಿದೆ. ಆಕೆ ಆ ತುಣುಕನ್ನು ಕತ್ತರಿಸಲಿಲ್ಲ.