ಬೆನ್ನ ಹಿಂದಿನ ಕಿಟಕಿ ತೆರೆಸುವ ಭೀಮೇಶ

ಸಂಶಿಯ ಬಸ್ ನಿಲ್ದಾಣ ದಾಟಿ ಲಕ್ಷ್ಮೇಶ್ವರದ ರಸ್ತೆ ಹಿಡಿದರೆ ಎಡಕ್ಕೊಂದು ಬೇವಿನ ಮರ ಸಿಗುತ್ತದೆ. ಮರದ ಕೆಳಗೆ ಬಿಳಿ ಪಿಕಪ್ ಗಾಡಿ ನಿಂತಿದೆ. ಅದರ ಬಾಗಿಲಿನಿಂದ ಎರಡು ಕಾಲು ಹೊರಗೆ ಚಾಚಿವೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಲುಗಳ ಒಡೆಯ ಭೀಮೇಶ ದೊಡಮನಿ ಸೀಟಿನ ಮೇಲೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ತಲೆಯ ಹಿಂದಿನ ಗಾಜಿನ ಬುಡದಲ್ಲಿ ವೈರು ಕೂಡಿಸುತ್ತಿದ್ದಾರೆ. ನಾನು ನಮಸ್ಕಾರ ಎನ್ನುತ್ತೇನೆ. ಬಾಯಲ್ಲಿ ಟಾರ್ಚ್ ಇದೆಯಲ್ಲ, ಉತ್ತರವಾಗಿ ಬೆಳಕು ಒಮ್ಮೆ ಮೇಲೆ ಕೆಳಗೆ ಆಡುತ್ತದೆ.

"ಸ್ವಲ್ಪ ತಡೀರಿ," ಎಂದು ಆಮೇಲೆ ಎದ್ದು ಕೂರುತ್ತಾರೆ. "ಹೊತ್ತು ಹುಟ್ಟೂದ್ರಾಗ ಬಸವಣ್ಣೆವ್ವ ಬರ್ತಾಳ್ರಿ. ಆಕಿ ಬಂದಾಗ ಈ ಕಿಡಕಿ ತೆರೀಲಿಲ್ಲಂದ್ರ ನನ್ನ ಮರ್ಯಾದಿ ಈ ಬೇವಿನ ಗಿಡಕ್ಕ ಜೋತು ಬೀಳತೈತಿ."

ಪಿಕಪ್ ಗಾಡಿಗಳಲ್ಲಿ ಚಾಲಕನ ಬೆನ್ನ ಹಿಂದೊಂದು ಕಿಟಕಿ ಇರುವುದನ್ನು ನೀವು ನೋಡಿರಬಹುದು. ಕೆಲವಕ್ಕೆ ಅಲ್ಲಿನ ಗಾಜು ಆಚೀಚೆ ಸರಿಯುತ್ತದೆ. ಸರಿಸಬೇಕೆಂದರೆ ಹಿಂದಕ್ಕೆ ಹೊರಳಿ, ಕೊಂಡಿ ಒತ್ತಿ, ಕೈಯಿಂದ ಎಳೆಯಬೇಕು. ಅದನ್ನು ಗುಂಡಿ ಒತ್ತಿದರೆ ತಾನಾಗಿ ಸರಿಯುವಂತೆ ಮಾಡುವುದು ಭೀಮೇಶರ ಕಸುಬು. ಇದೇನು ಮಹಾ, ಶೋಕಿಗೆ ಮಾಡಿಸಿಕೊಳ್ಳುತ್ತಾರೆ ಎಂದು ನಾನೂ ಮೂಗು ಮುರಿದವನೇ. ಸಾಧಿಕ್ ಹೇಳಿದ ಕತೆ ಕೇಳಿದ ಮೇಲೆ ಮೂಗು ತನ್ನಷ್ಟಕ್ಕೆ ನೆಟ್ಟಗಾಯಿತು.

ಸಾಧಿಕ್ ಈ ಗಾಡಿಯ ಮಾಲೀಕ ಮತ್ತು ಚಾಲಕ. ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ಸಂಶಿಯ ಹೆಣ್ಣುಮಕ್ಕಳನ್ನು ಗುಡಗೇರಿ ಕಡೆಯ ಹೊಲಗಳಿಗೆ ಕರೆದೊಯ್ದು ಸಂಜೆ ಮರಳಿ ತಂದುಬಿಡುತ್ತಾರೆ. ಸಾಮಾನಿನ ಗಾಡಿಯಲ್ಲಿ ಮಂದಿ ಕೂರಬಾರದು ಎನ್ನುತ್ತದೆ ಕಾನೂನು. ಹೊಲಕ್ಕೆ ಹೋಗುವ ಹೊತ್ತಿಗೆ ಬಸ್ ಇಲ್ಲ ಎನ್ನುತ್ತಾರೆ ಹೆಣ್ಣುಮಕ್ಕಳು. ಹಾಗಾಗಿ ಗಾಡಿ ನಿಧಾನಕ್ಕೆ ಹೋಗುತ್ತದೆ, ಹಿಂದಿನವರು ಹಾಡುತ್ತ ಹೋಗುತ್ತಾರೆ. ಹಾಡಿಗೆ ತಾಳ ಬೇಕಲ್ಲ? ಕ್ಯಾಬಿನ್ನಿನ ತಗಡೇ ದಮ್ಮಡಿ. ಹೋಗುವಾಗಲೂ ಬರುವಾಗಲೂ ಧಬಧಬ ಬಡಿಯುತ್ತಿರುತ್ತಾರೆ. ಗಾಡಿ ನಿಲ್ಲಿಸಬೇಕಾದಾಗಲೂ ಬಡಿಯುವುದು ಅದೇ ತಗಡನ್ನೇ!

ಸುಗ್ಗಿಯ ಶುರುವಿನಲ್ಲಿ ಎಡವಟ್ಟಾದದ್ದು ಇದರಿಂದಲೇ. ಸಂಜೆ ಮರಳುವಾಗ ದಾರಿಯ ಬೋರಿನ ಹತ್ತಿರ ಗಾಡಿ ನಿಂತಿತು. ಗುಂಪಿನಲ್ಲೆಲ್ಲ ಹಿರಿಯರಾದ ಬಸವಣ್ಣೆವ್ವ ನೀರಿನ ಕ್ಯಾನು ತುಂಬಲು ಇಳಿದರು. ಅವರು ಹತ್ತಿದರೆಂದು ತಿಳಿದು ಸಾಧಿಕ್ ಗಾಡಿ ಬಿಟ್ಟರು. ಹಿಂದಿದ್ದವರು ಗಾಬರಿಯಾಗಿ ತಗಡು ಬಡಿಯತೊಡಗಿದರು.

"ನಾ ಏನ್ ಮಾಡ್ಲಿರಿ?" ಎನ್ನುತ್ತಾರೆ ಸಾಧಿಕ್, ಇವತ್ತಿಗೂ ಕಿವಿ ಹಿಡಿದುಕೊಂಡು. "ಕಿಡಕಿ ಮುಚ್ಚಿತ್ತು. ಹಿಂದ ಅಗದಿ ಜೋರ್ ಬಡಿಯಾಕ ಹತ್ತಿದ್ರು. ಇವತ್ತ ಹಾಡು ರಂಗೇರೈತಿ ಅಂದ್ಕೊಂಡೆ. ಖುಷಿಲೆ ನಾನೂ ಹಾರ್ನ್ ಹೊಡದೆ, ಅವರ ತಾಳಕ್ಕ ಬರೋಬ್ಬರಿ."

ಹಾರ್ನು ಬಾರಿಸುತ್ತಲೇ ಊರು ಮುಟ್ಟಿದರು. ಇಳಿದ ಹೆಣ್ಣುಮಕ್ಕಳು ಎತ್ತಿದ ಮಂಗಳಾರತಿ ಕೇಳಿ ಗಾಡಿ ತಿರುಗಿಸಿ ಓಡಿಸಿದರು. ಬಸವಣ್ಣೆವ್ವ ತುಂಬಿದ ಕ್ಯಾನನ್ನು ಪಕ್ಕಕ್ಕಿಟ್ಟುಕೊಂಡು, ದಾರಿ ಬದಿಯ ಕಲ್ಲಿನ ಮೇಲೆ ಕೂತು, ಹಸಿ ಕಡಲೆ ಸುಲಿದು ತಿನ್ನುತ್ತಿದ್ದರಂತೆ. ಮುಂದೆ ಸಾಧಿಕ್ ಪಕ್ಕ ಕೂತು ಊರಿಗೆ ಬಂದರು. ಇಳಿಯುವಾಗ, ಕೂಗಿದರೆ ಕೇಳುವ ತನಕ ಈ ಗಾಡಿ ಹತ್ತುವುದಿಲ್ಲ ಎಂದುಬಿಟ್ಟರು.

ಹೇಳಿದ್ದನ್ನು ನಡೆಸಿಯೂ ನಡೆಸಿದರು. ಅವರಿಲ್ಲದೆ ಹಾಡು ನಿಂತಿದೆ. ಮೊದಲ ನುಡಿ ಎತ್ತಿಕೊಡುವವರು ಅವರೇ. "ಪರೀಕ್ಷಾಕ್ಕ ಹೊಂಟ ಹುಡಿಗ್ಯಾರಗತೆ ಎಲ್ಲಾರೂ ಸುಮ್ಮ ಕುಂದಿರ್ತಾರ್ರಿ. ನನಗ ನಿದ್ದಿ ಬರ್ತೈತಿ," ಎನ್ನುತ್ತಾರೆ ಸಾಧಿಕ್. ಮನೆಯಲ್ಲಿ ಕೂತ ಬಸವಣ್ಣೆವ್ವನಿಗೂ ಸುಖವಿಲ್ಲ. ಈ ಸುಗ್ಗಿ ತಪ್ಪಿಸಿಕೊಂಡರೆ ಮುದುಕಿಗೆ ವಯಸ್ಸಾಯಿತು ಎಂದು ಮುಂದಿನ ಸುಗ್ಗಿಗೆ ಯಾರೂ ಕರೆಯುವುದಿಲ್ಲ ಎಂಬ ಅಳುಕು ಅವರಿಗೆ. ಬರಬೇಕೆಂಬ ಆಸೆ ಇದೆ, ಆಡಿದ ಮಾತು ನುಂಗಲು ಮನಸ್ಸಿಲ್ಲ. ಆದ್ದರಿಂದ ಇವತ್ತು ಪರೀಕ್ಷೆ. ಕಿಟಕಿ ತೆರೆದರೆ ಹತ್ತುತ್ತಾರೆ, ಇಲ್ಲವಾದರೆ ಬುತ್ತಿ ಗಂಟಿನೊಂದಿಗೆ ಮನೆಗೆ.

ಕಿಟಕಿಯನ್ನು ಸದಾ ತೆರೆದೇ ಇಟ್ಟರಾಯಿತಲ್ಲ ಎಂದು ನಾನು ಜಾಣತನ ತೋರಿಸುತ್ತೇನೆ. ಭೀಮೇಶ ನಗುತ್ತಾರೆ. ಎರೆ ಹೊಲದ ದಾರಿಯಲ್ಲಿ ಎದುರಿಗೊಂದು ಟ್ರ್ಯಾಕ್ಟರ್ ಹಾದರೆ ಸಾಕು, ತೆರೆದ ಕಿಟಕಿಯಿಂದ ಬಂದ ಧೂಳಿನಿಂದ ಚಾಲಕನಿಗೆ ಕಣ್ಣು ಕಾಣಿಸದು. ಕ್ಷಣಕ್ಕೊಮ್ಮೆ ಮುಚ್ಚಬೇಕು, ಕ್ಷಣಕ್ಕೊಮ್ಮೆ ತೆರೆಯಬೇಕು. ಸಾಧಿಕ್ ಚಿಕ್ಕವರಿದ್ದಾಗ ಬಣವೆಯಿಂದ ಬಿದ್ದು ಎಡಭುಜ ಮುರಿದುಕೊಂಡವರು. ಆ ಕೈ ಹಿಂದಕ್ಕೆ ಹೊರಳುವುದಿಲ್ಲ.

ಭೀಮೇಶರಿಗೆ ಈಗ ನಲವತ್ತೈದರ ಆಸುಪಾಸು. ತಂದೆ ತಾಯಿ ಇದೇ ಊರಿನಲ್ಲಿ ಕೂಲಿ ಮಾಡಿದವರು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಹುಬ್ಬಳ್ಳಿಯ ಗ್ಯಾರೇಜೊಂದಕ್ಕೆ ಸೇರಿದರು. ಅಲ್ಲಿ ಬಹಳ ಕಾಲ ಕೈಗೆ ಸಿಕ್ಕಿದ್ದು ಕಸಬರಿಗೆ ಮಾತ್ರ. ವೈರಿಂಗ್ ಕಲಿತದ್ದು ಕದ್ದು ನೋಡಿ. ಊರಿಗೆ ಮರಳಿದ ಮೇಲೆ ಟ್ರ್ಯಾಕ್ಟರುಗಳ ಹಾರ್ನು, ದೀಪ ಕೂಡಿಸುತ್ತ ಹೊಟ್ಟೆ ಹೊರೆದರು. ಮಳೆಗಾಲದಲ್ಲಿ ಬೇವಿನ ಮರದ ಕೆಳಗೆ ಕೆಲಸ ನಡೆಯುವುದಿಲ್ಲ. ಆಗೆಲ್ಲ ಹೆಂಡತಿ ಮಲ್ಲಮ್ಮನ ಹೊಲಿಗೆಯಂತ್ರವೇ ಮನೆ ನಡೆಸಿದೆ. ಇದನ್ನು ಹೇಳಲು ಭೀಮೇಶರಿಗೆ ಯಾವ ಸಂಕೋಚವೂ ಇಲ್ಲ. ನನಗೆ ಅವರು ಹಿಡಿಸಿದ್ದು ಅಲ್ಲೇ.

ಕಿಟಕಿಯ ಕೆಲಸ ಅವರೇ ತಲೆ ಓಡಿಸಿ ಕಂಡುಕೊಂಡದ್ದು. ಗುಜರಿಗೆ ಬಿದ್ದ ಕಾರುಗಳ ಬಾಗಿಲಿನಿಂದ ಗಾಜು ಏರಿಸುವ ಮೋಟರ್ ಬಿಚ್ಚಿ ತರುತ್ತಾರೆ. ಕಾರಿನಲ್ಲಿ ಗಾಜು ಮೇಲೆ ಕೆಳಗೆ ಹೋಗುತ್ತದೆ, ಇಲ್ಲಿ ಆಚೀಚೆ ಹೋಗಬೇಕು. ಅದಕ್ಕೆ ಸೈಕಲ್ಲಿನ ಬ್ರೇಕ್ ಕೇಬಲ್ ಅನ್ನು ಎರಡು ಪುಟ್ಟ ಗಾಲಿಗಳ ಮೇಲೆ ಹಾಯಿಸಿ ಗಾಜಿಗೆ ಕಟ್ಟುತ್ತಾರೆ. ಮೋಟರ್ ಒಂದು ಕಡೆ ತಿರುಗಿದರೆ ಗಾಜು ತೆರೆಯುತ್ತದೆ, ಇನ್ನೊಂದು ಕಡೆ ತಿರುಗಿದರೆ ಮುಚ್ಚುತ್ತದೆ. ಬಾವಿಯ ಹಗ್ಗವನ್ನು ಅಡ್ಡ ಮಲಗಿಸಿದಂತೆ ಎಂದು ಅವರೇ ಬಿಡಿಸಿ ಹೇಳುತ್ತಾರೆ.

ಮೊದಲು ಮಾಡಿದ ಕಿಟಕಿ ಊರೆಲ್ಲ ನಗುವಂತೆ ಕೆಟ್ಟಿತಂತೆ. ಸಲೀಸಾಗಿ ಸರಿಯಲೆಂದು ಗಾಜಿನ ಹಳಿಗೆ ಗ್ರೀಸ್ ಮೆತ್ತಿದರು. ಎರೆಮಣ್ಣಿನ ಧೂಳು ಗ್ರೀಸಿಗೆ ಕೂತು ಮುದ್ದೆಯಾಗಿ, ಗಾಜು ಅರ್ಧಕ್ಕೆ ಸಿಕ್ಕಿಬಿತ್ತು. ಆ ಹಳಿಯನ್ನು ತೊಳೆಯುತ್ತ ಕೂತಾಗ ದಾರಿ ತೋರಿಸಿದವರು ಮಲ್ಲಮ್ಮ.

"ಬಳಿ ಏರ್ಸಾಕ ನಾವು ಕೈಗೆ ಪೌಡರ್ ಹಚ್ಚೂದಿಲ್ಲೇನ್ರಿ? ನೀವೂ ಅದನ್ನ ಹಚ್ರಿ ಅಂದೆ," ಎಂದು ಮಲ್ಲಮ್ಮ ಮರದ ಪಕ್ಕದ ಮನೆಯ ಬಾಗಿಲಲ್ಲಿ ನಿಂತು ನೆನೆಯುತ್ತಾರೆ. "ಆವತ್ತಿಂದ ನನ್ನ ಪೌಡರ್ ಡಬ್ಬಿ ನನಗ ಸಿಕ್ಕಿಲ್ಲ."

ಈಗ ಭೀಮೇಶರು ಕಿಟಕಿ ಮಾಡಿದ ಗಾಡಿ ಯಾವುದೆಂದು ಮೂಸಿಯೇ ಹೇಳಬಹುದು. ಒಳಗೆ ಕೂತರೆ ಮಲ್ಲಿಗೆಯ ಘಮ. ಮದುಮಗನ ಗಾಡಿ ಎಂದು ಗೆಳೆಯರು ರೇಗಿಸುತ್ತಾರೆಂದು ಸಾಧಿಕ್ ದೂರುತ್ತಾರೆ.

ಕೊನೆಯ ಪರೀಕ್ಷೆ ಬಾಳೆಹಣ್ಣಿನದು. ಭೀಮೇಶ ಗಾಜಿನ ದಾರಿಗೆ ಒಂದು ಹಣ್ಣು ಅಡ್ಡ ಹಿಡಿದು ಗುಂಡಿ ಒತ್ತುತ್ತಾರೆ. ಗಾಜು ಬಂದು ಹಣ್ಣಿಗೆ ತಾಗಿ ನಿಲ್ಲಬೇಕು, ಮೋಟರ್ ಗಾಜನ್ನು ಎಳೆಯದೆ ಖಾಲಿ ತಿರುಗಬೇಕು. ಹಣ್ಣು ಚಪ್ಪಟೆಯಾದರೆ ಮತ್ತೆ ಬಿಚ್ಚಿ ಸಡಿಲಿಸುತ್ತಾರೆ. "ನಾಳೆ ಯಾರದರ ಕೈ ಇರ್ತೈತ್ರಿ ಅಲ್ಲಿ," ಎನ್ನುತ್ತಾರೆ. ಇವತ್ತು ಹಣ್ಣು ಉಳಿದಿದೆ. ಸುಲಿದು ಅರ್ಧ ನನಗೆ ಕೊಟ್ಟು ಅರ್ಧ ತಾವು ತಿನ್ನುತ್ತಾರೆ.

ಅಷ್ಟರಲ್ಲಿ ಬುತ್ತಿ ಗಂಟು ಹಿಡಿದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. ಎಲ್ಲರ ಹಿಂದೆ, ಸೆರಗು ಬಿಗಿದು ಸಿಕ್ಕಿಸಿಕೊಂಡು ಬಸವಣ್ಣೆವ್ವ. ಹತ್ತುವ ಉದ್ದೇಶವೇ ಇಲ್ಲವೆಂಬ ಮುಖ, ಆದರೆ ಕೈಯಲ್ಲಿ ಬುತ್ತಿ ಇದೆ.

"ಸಿಟ್ಟು ಇಳಿದಿಲ್ಲೇನವ್ವಾ?" ಎಂದು ಕೇಳುತ್ತೇನೆ.

"ಬಿಟ್ಟು ಹೋಗಿದ್ದಕ್ಕ ಸಿಟ್ಟಿಲ್ಲಪಾ ನನಗ," ಎನ್ನುತ್ತಾರೆ ಅವರು. "ನಾ ಇಲ್ಲದ ಇವ್ರು ಹಾಡ್ತಾರ ಅಂತ ತಿಳಕೊಂಡ್ನಲ್ಲ ಈ ಸಾಧಿಕ್ಯಾ, ಅದಕ್ಕ ಸಿಟ್ಟು!"

ಸಾಧಿಕ್ ತಲೆ ತಗ್ಗಿಸಿ ಗುಂಡಿ ಒತ್ತುತ್ತಾರೆ. ಗಾಜು ಸುಂಯ್ ಎಂದು ಸರಿದು ತೆರೆಯುತ್ತದೆ. ಹೆಣ್ಣುಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಭೀಮೇಶರ ಮುಖ ಅರಳುತ್ತದೆ. ಬಸವಣ್ಣೆವ್ವ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಒಳಗೆ ಇಣುಕಿ, ಮುಂದಿರುವ ಗುಂಡಿಯನ್ನು ನೋಡುತ್ತಾರೆ.

"ಗುಂಡಿ ಅವನ ಕಡೆ ಐತೆಲ್ಲೋ ಭೀಮ್ಯಾ. ಅವ ಒತ್ತಿದ್ರ ತೆರೀತೈತಿ. ಅವ ಮುಚ್ಚಿದಾಗ ನಾ ಕರೀಬೇಕಂದ್ರ? ಮತ್ತ ತಗಡ ಬಡೀಲೇನು?"

ಚಪ್ಪಾಳೆ ನಿಲ್ಲುತ್ತದೆ. ಇಷ್ಟು ಗಾಡಿಗಳಿಗೆ ಕಿಟಕಿ ಮಾಡಿದರೂ ಹಿಂದೆ ಕೂತವರ ಕಡೆಯಿಂದ ಭೀಮೇಶ ಯೋಚಿಸಿರಲಿಲ್ಲ. ಮಾಡಿಸಿಕೊಂಡವರೆಲ್ಲ ಮುಂದೆ ಕೂರುವವರು. ಬಸವಣ್ಣೆವ್ವ ಬುತ್ತಿ ಗಂಟನ್ನು ಬಗಲಿಗೇರಿಸುತ್ತಾರೆ.

"ಯವ್ವಾ, ಸ್ವಲ್ಪ ನಿಂದ್ರು," ಎಂದವರೇ ಭೀಮೇಶ ಮನೆಯ ಕಡೆ ಓಡುತ್ತಾರೆ. ಅವರ ಬಳಿ ಬಿಡಿ ಗುಂಡಿ ಇಲ್ಲ, ತರಲು ಹುಬ್ಬಳ್ಳಿಗೇ ಹೋಗಬೇಕು. ಮನೆ ಬಾಗಿಲ ಪಕ್ಕದ ಕರೆಗಂಟೆಯ ಗುಂಡಿಗೆ ಸ್ಕ್ರೂ ಡ್ರೈವರ್ ಹಚ್ಚುತ್ತಾರೆ.

"ಅಯ್ಯ, ಮನಿ ಗಂಟೀನ ಕಿತ್ತಗೊಂಡು ಹೊಂಟ್ರೆಲ್ಲರಿ!" ಎಂದು ಮಲ್ಲಮ್ಮ ಕೂಗುತ್ತಾರೆ. ಕೂಗಿದವರೇ ಮೇನ್ ಸ್ವಿಚ್ ಆರಿಸಲು ಒಳಗೆ ಓಡುತ್ತಾರೆ.

ಮತ್ತೆ ಅಂಗಾತ ಮಲಗುವುದು, ಮತ್ತೆ ಹೊರಗೆ ಚಾಚಿದ ಕಾಲು. ಹೆಣ್ಣುಮಕ್ಕಳು ಕಾಯುತ್ತ ಬುತ್ತಿಯೊಳಗಿನ ರೊಟ್ಟಿ ಮುರಿದು ಬಾಯಾಡಿಸುತ್ತಾರೆ. ಸಾಧಿಕ್ ದಾರಿಯನ್ನೂ ಸೂರ್ಯನನ್ನೂ ಬಾರಿ ಬಾರಿ ನೋಡುತ್ತಾರೆ. ಹೊತ್ತು ಬೇವಿನ ಮರದ ಕೊಂಬೆಯೆತ್ತರಕ್ಕೆ ಏರಿದಾಗ ಕ್ಯಾಬಿನ್ನಿನ ಹಿಂಬದಿಗೆ, ಕೂತವರ ಕೈಗೆ ಎಟುಕುವಲ್ಲಿ, ಒಂದು ಮನೆಯ ಕರೆಗಂಟೆಯ ಗುಂಡಿ ಕೂತಿರುತ್ತದೆ. ಇದು ತೆರೆಯಲಷ್ಟೇ ಬರುತ್ತದೆ, ಮುಚ್ಚಲು ಬರುವುದಿಲ್ಲ. ಭೀಮೇಶ ಬೇಕೆಂದೇ ಹಾಗೆ ಮಾಡಿದ್ದಾರೆ.

ಬಸವಣ್ಣೆವ್ವ ಗಾಡಿ ಹತ್ತುತ್ತಾರೆ. ಒತ್ತುತ್ತಾರೆ. ಮುಚ್ಚಿದ ಗಾಜು ಸುಂಯ್ ಎನ್ನುತ್ತದೆ. ಕಿಟಕಿಯೊಳಗೆ ಮುಖ ತೂರಿಸಿ, ಸಾಧಿಕ್ ಕಿವಿಗೆ ಬಾಯಿ ಹಚ್ಚಿ, "ಲೇ, ಕೇಳಸ್ತೇನು?" ಎಂದು ಕಿರುಚುತ್ತಾರೆ. ಸಾಧಿಕ್ ಬೆಚ್ಚಿ ಹಾರ್ನ್ ಒತ್ತಿಬಿಡುತ್ತಾರೆ. ಗಾಡಿಗೆ ಗಾಡಿಯೇ ಬಿದ್ದು ಬಿದ್ದು ನಗುತ್ತದೆ. ನಾನೂ ನಗುತ್ತೇನೆ, ಕಣ್ಣಲ್ಲಿ ನೀರು ಬರುವಷ್ಟು. ಇಂಥ ಬೆಳಗು ಕಂಡು ಎಷ್ಟು ದಿನವಾಗಿತ್ತೋ.

ಸಂಜೆ ಮತ್ತೆ ಹೋಗುತ್ತೇನೆ. ಗಂಟೆ ಇದ್ದ ಜಾಗದಲ್ಲಿ ಟೇಪು ಸುತ್ತಿದ ವೈರಿನ ತುದಿಗಳಿವೆ. ಬಾಗಿಲು ಬಡಿಯುತ್ತೇನೆ. ಬಹಳ ಹೊತ್ತು ಯಾರೂ ತೆರೆಯುವುದಿಲ್ಲ, ಒಳಗೆ ಹೊಲಿಗೆಯಂತ್ರ ಓಡುತ್ತಿದೆ. ಕೊನೆಗೆ ಭೀಮೇಶ ಹಿತ್ತಿಲಿನಿಂದ ಬರುತ್ತಾರೆ. ಮುಂದಿನ ಆಸೆ ಏನು ಎಂದು ಕೇಳುತ್ತೇನೆ. ದೊಡ್ಡ ಅಂಗಡಿ ಎನ್ನಬಹುದು, ಪಟ್ಟಣ ಎನ್ನಬಹುದು ಎಂದು ನನ್ನ ಎಣಿಕೆ.

"ಮನೀಗೆ ಒಂದ್ ಗಂಟಿ ಗುಂಡಿ ತರಬೇಕ್ರಿ," ಎನ್ನುತ್ತಾರೆ. "ಮತ್ತ ಹಳೇ ಗಾಡಿಗಳನ್ನೆಲ್ಲ ವಾಪಸ್ ಕರಸ್ತೇನಿ. ಹಿಂದಿನವ್ರ ಕಡೇನೂ ಒಂದೊಂದು ಗುಂಡಿ ಹಚ್ಚಬೇಕು."

ಮಾತಿನ ನಡುವೆ ಅವರ ಕೈ ಮೇಲೇಳುತ್ತದೆ, ಸುಮ್ಮನಿರಿ ಎಂಬಂತೆ. ಗುಡಗೇರಿ ಕಡೆಯಿಂದ ಗಾಡಿ ಬರುತ್ತಿದೆ. ಮೊದಲು ಬಸವಣ್ಣೆವ್ವನ ಒಂಟಿ ದನಿ, ಅದರ ಹಿಂದೆ ಎಲ್ಲರ ದನಿ, ಅವುಗಳ ನಡುವೆ ಶ್ರುತಿ ಬಿಟ್ಟ ಒಂದು ಗಂಡುದನಿ. ಕಿಟಕಿ ತೆರೆದಿದೆ, ಸಾಧಿಕ್ ಕೂಡ ಹಾಡುತ್ತಿದ್ದಾರೆ. ಕ್ಯಾಬಿನ್ನಿನ ತಗಡು ಧಬಧಬ ಎನ್ನುತ್ತಿದೆ. ಗಾಡಿ ನಿಲ್ಲದೆ ನಮ್ಮ ಮುಂದೆಯೇ ಹಾದು ಊರೊಳಗೆ ಹೋಗುತ್ತದೆ.

ಭೀಮೇಶ ಆ ಸದ್ದು ಕಿವಿಗೆ ಬೀಳುವಷ್ಟು ಹೊತ್ತು ಕೇಳಿಸಿಕೊಂಡು ನಿಂತಿದ್ದು, ಆಮೇಲೆ ನನ್ನ ಕಡೆ ತಿರುಗುತ್ತಾರೆ.

"ಕೇಳಿದ್ರಿಲ್ರಿ? ಈಗ ಬಡಿಯೂದು ಬರೇ ತಾಳಕ್ಕರಿ."