ಕುಳಗಿಯ ಕಾಡಿನಲ್ಲಿ ಕೂಗಿದ ಹೆಸರು

ಹಕ್ಕಿಗಳ ಫೋಟೋ ತೆಗೆಯುವವನು ಆಕಾಶ ನೋಡುವುದು ಹಕ್ಕಿಗಾಗಿ ಎಂದು ನೀವು ತಿಳಿದಿದ್ದರೆ ಅದು ಅರ್ಧಸತ್ಯ, ಉಳಿದರ್ಧ ಮೋಡಕ್ಕಾಗಿ. ಏಪ್ರಿಲ್ಲಿನ ಆ ಮುಂಜಾನೆ ಕುಳಗಿಯ ಕಾಡಿನಲ್ಲಿ ಬಿಸಿಲು ಬಂದಾಗ ಲೆನ್ಸಿನ ಮುಚ್ಚಳ ತೆಗೆಯುತ್ತ, ಹನಿ ಬಿದ್ದಾಗ ಮುಚ್ಚುತ್ತ, ನಾನು ಪಕ್ಷಿವೀಕ್ಷಣೆಗಿಂತ ಮುಚ್ಚಳಸೇವೆಯನ್ನೇ ಹೆಚ್ಚು ಮಾಡಿದೆ. ಹಳಿಯಾಳದಿಂದ ಜೊತೆಗೆ ಬಂದಿದ್ದ ಹೆಂಡತಿ ಸರೋಜಾ ಬುತ್ತಿಚೀಲ ಹೊತ್ತು ಹಿಂದೆ ಬರುತ್ತಿದ್ದಳು.

ಮಳೆ ಜೋರಾಯಿತು. ನಮ್ಮ ಗೈಡ್ ಬಸ್ತ್ಯಾಂವನೊಡನೆ ಬಂಡೆಯ ಮರೆಗೆ ಸರಿದು, ಕೂಸಿಗೆ ಕುಂಚಿಗೆ ಕಟ್ಟುವಷ್ಟು ಜತನದಿಂದ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಸುತ್ತಿ, ತಲೆಯೆತ್ತಿದರೆ ಸರೋಜಾ ಇಲ್ಲ! ಮಳೆ ನಿಂತರೂ ಅದರ ಬೆನ್ನಿಗೇ ಮಂಜು ಕವಿದಿತ್ತು.

"ಚಿಂತಿ ಮಾಡಬ್ಯಾಡ್ರಿ ಸರ್, ಬಾಯಾರು ಇಲ್ಲೇ ಎಲ್ಲೆರ ನಿಂತಿರ್ತಾರ," ಎಂದ ಬಸ್ತ್ಯಾಂವ. ಎನ್ನುತ್ತಲೇ ಬಗ್ಗಿ ಕೆಸರಿನಲ್ಲಿ ಏನನ್ನೋ ಹುಡುಕತೊಡಗಿದ.

"ಏನ ನೋಡ್ತೀಪಾ?"

"ಏನಿಲ್ರಿ. ನಿನ್ನೆ ಈ ಕಡೆ ಕರಡಿ ಓಡಾಡಿತ್ತು."

ಅಲ್ಲಿಂದ ಕಂಡ ಮೋಟುಮರಗಳೆಲ್ಲ ಕರಡಿಗಳಾದವು. ಇಷ್ಟು ವರ್ಷಗಳ ದಾಂಪತ್ಯದಲ್ಲಿ ನಾನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. 'ಇಲ್ನೋಡು', 'ಕೇಳಿಸ್ತೇನು', ಇಷ್ಟೇ ನಮ್ಮ ಮನೆಯ ಸಂಬೋಧನಾ ವಿಭಕ್ತಿ. ಆದರೆ 'ಇಲ್ನೋಡು' ಎಂದರೆ ಅಷ್ಟು ದೊಡ್ಡ ಕಾಡಿನಲ್ಲಿ ಯಾರು ನೋಡಬೇಕು? "ಸರೋಜಾ!" ಎಂದು ಕೂಗಿದೆ. ಉತ್ತರವಿಲ್ಲ. ಗಂಟಲು ಹರಿಯುವಂತೆ ಮತ್ತೆ ಕೂಗಿದೆ. ಇಲ್ಲ. ಕ್ಯಾಮೆರಾವನ್ನು ಬಂಡೆಯ ಮೇಲೆಯೇ ಬಿಟ್ಟು, ಜಾರಿ, ಎದ್ದು, ಓಡಿದೆ.

ತಿರುವಿನಾಚೆ ಹೆಮ್ಮರವೊಂದರ ಕೆಳಗೆ ಅವಳು ನೆಟ್ಟ ಕಂಬದಂತೆ ನಿಂತಿದ್ದಳು, ತುಟಿಯ ಮೇಲೆ ಬೆರಳು. ಮೇಲೆ ದೊಡ್ಡ ಮಂಗಟ್ಟೆ ಹಕ್ಕಿಯೊಂದು, ಮರದ ಪೊಟರೆಯಲ್ಲಿ ಬಾಗಿಲು ಮೆತ್ತಿ ಮುಚ್ಚಿಕೊಂಡು ಕಾವು ಕೂತ ತನ್ನ ಹೆಣ್ಣಿಗೆ, ಸಣ್ಣ ಸೀಳಿನ ಮೂಲಕ ಒಂದೊಂದೇ ಹಣ್ಣು ದಾಟಿಸುತ್ತಿತ್ತು. ನಾನು ವರ್ಷಗಟ್ಟಲೆ ಕಾದ ನೋಟ. ಕೈ ಖಾಲಿ, ಕ್ಯಾಮೆರಾ ಬಂಡೆಯ ಮೇಲೆ.

ಹಕ್ಕಿ ಹಾರಿಹೋದ ಮೇಲೆ ಸಿಡುಕಿದೆ: "ಅಷ್ಟ ಒದರಿದ್ರೂ ಓ ಅನ್ನಾಕ ಆಗಲಿಲ್ಲೇನ ನಿನಗ?"

"ಓ ಅಂದಿದ್ರ ಹಕ್ಕಿ ಹಾರಿ ಹೋಗ್ತಿತ್ರಿ."

"ನನ್ನ ದನಿಗೇ ಹಾರಲಿಲ್ಲ, ನಿನ್ನ 'ಓ'ಕ್ಕ ಹಾರ್ತಿತ್ತೇನ?"

ಸರೋಜಾ ಮುಖ ಆಚೆ ತಿರುಗಿಸಿ, ತೊಯ್ದ ಸೆರಗು ಹಿಂಡಿದಳು.

"ಖರೇ ಹೇಳ್ಲೇನ್ರಿ? ನೀವು ನನ್ನ ಹೆಸರ ಹಿಡದು ಕರದದ್ದು ಇದ ಮೊದಲ ಸಲ. ಇನ್ನೊಂದೆರಡ ಸಲ ಕರೀಲಿ ಅನಿಸ್ತು."