ಅರ್ಧ ಮಾತ್ರೆ

ಸರ್ವಮಂಗಳ ಅವರು ನನಗೆ ಮೊದಲೇ ಹೇಳಿದ್ದರು. ಫೋನ್ ಮಾಡಿ, ಬಿಡಿಸಿ ಹೇಳಿದ್ದರು. ಎಲ್ಲ ಸರಿಯಿದೆ ಎಂದು ಅವರು ಹೇಳಿದರೆಂದು ನಿಮ್ಮೆಲ್ಲರ ಮುಂದೆ ಬರೆದವನು ನಾನು — ಗೊತ್ತಿದ್ದೂ ಗೊತ್ತಿದ್ದೂ ಬರೆದ ಸುಳ್ಳು ಅದು.

ಇದನ್ನು ಓದುತ್ತಿರುವ, ಅಥವಾ ನಾವು ಮಾಡಿದ ದನಿಯಲ್ಲೇ ಕೇಳಿಸಿಕೊಳ್ಳುತ್ತಿರುವ ನಿಮ್ಮಲ್ಲಿ ಹಳಬರಿಗೆ ಆಗಿನ ಗಲಾಟೆ ನೆನಪಿರಬಹುದು. ಹೊಸಬರಿಗಾಗಿ ಮೊದಲಿನಿಂದ ಹೇಳುತ್ತೇನೆ.

‘ಓದುದನಿ’ ಎಂಬ ನಮ್ಮ ತಂತ್ರಾಂಶ ಹುಟ್ಟಿದ್ದು ಕೃಷ್ಣಮೂರ್ತಿಪುರಂನಲ್ಲಿ, ಸರ್ವಮಂಗಳ ಅವರ ಮನೆಯ ಹಜಾರದಲ್ಲಿ. ಅವರಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣದು. ಬ್ಯಾಂಕೊಂದರ ವಿಚಾರಣೆ ಮೇಜಿನಲ್ಲಿ ಕೆಲಸ. ಫೋನಿನ ಪರದೆಯ ಮೇಲೆ ಬರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಆಗಲೂ ಇದ್ದವು. ಇಂಗ್ಲಿಷನ್ನು ಸರಾಗವಾಗಿ ಓದುತ್ತಿದ್ದ ಅವು ಕನ್ನಡ ಬಂದ ಕೂಡಲೇ ಎಡವುತ್ತಿದ್ದವು. ಆ ಬ್ಯಾಂಕಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಇಮ್ತಿಯಾಜ್‌ಗೆ ಅವರೊಮ್ಮೆ ಇದನ್ನು ಹೇಳಿದ್ದಾರೆ. ನಾವೇ ಒಂದು ಮಾಡೋಣ ಎಂದು ಅವನು ನನ್ನ ಹತ್ತಿರ ಬಂದ. ನಾನು ಕುವೆಂಪುನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ, ಅವನು ನನ್ನ ಹಳೆಯ ವಿದ್ಯಾರ್ಥಿ. ಹೀಗೆ ಮೂವರಾದೆವು. ದನಿಯ ಕೆಲಸ ಇಮ್ತಿಯಾಜನದು. ಅಂಕಿ, ಚಿಹ್ನೆ, ತಾರೀಖುಗಳನ್ನು ಹೇಗೆ ಓದಬೇಕೆಂಬ ನಿಯಮಗಳನ್ನು ಬರೆಯುವುದು ನನ್ನದು. ಪ್ರತಿ ಹೊಸ ಆವೃತ್ತಿಯನ್ನೂ ಬಿಡುಗಡೆಗೆ ಮುಂಚೆ ಬಳಸಿ ನೋಡಿ ತಪ್ಪು ಹಿಡಿಯುವುದು ಸರ್ವಮಂಗಳ ಅವರದು. ಎಲ್ಲರಿಗೂ ಪುಕ್ಕಟೆ ಕೊಡಬೇಕು, ಸಂಬಳ ಕೇಳುವಂತಿಲ್ಲ ಎಂಬುದು ಮೂವರೂ ಒಪ್ಪಿದ ಮಾತು. ಭಾನುವಾರ ಬೆಳಿಗ್ಗೆ ಸೇರುತ್ತಿದ್ದೆವು. ಅವರ ತಾಯಿ ಕಮಲಮ್ಮನವರು ಬಿಸಿ ಅಕ್ಕಿರೊಟ್ಟಿ ಹಾಕಿಕೊಡುತ್ತಾ ಇರುತ್ತಿದ್ದರು, ಕೈ ತೊಳೆದುಕೊಂಡು ಕೀಲಿಮಣೆ ಮುಟ್ಟಿ ಎಂದು ಗದರುತ್ತಾ ಇರುತ್ತಿದ್ದರು.

ಆಮೇಲೆ ನೀವು ಬಂದಿರಿ. ಎಲ್ಲೆಲ್ಲಿಂದಲೋ ಬಂದು ಆನ್‌ಲೈನ್ ಬಳಗ ಸೇರಿದಿರಿ. ಪ್ರಕಟಣೆಗಳನ್ನು ಬರೆಯುವ ಕೆಲಸ ನನ್ನದಾದ್ದರಿಂದ ನಿಮಗೆ ಹೆಚ್ಚಾಗಿ ಗೊತ್ತಿದ್ದದ್ದು ನನ್ನ ಹೆಸರು. ಹೊಸ ಆವೃತ್ತಿ ಬಂದ ದಿನ ನಾಗೇಂದ್ರ ಸರ್, ನಾಗೇಂದ್ರ ಸರ್ ಎಂದು ಬರೆಯುತ್ತಿದ್ದಿರಿ. ನನಗೆ ಅದರ ಚಟ ಹತ್ತಿತು — ಬೇರೆ ಮರ್ಯಾದಸ್ಥ ಹೆಸರು ಅದಕ್ಕಿಲ್ಲ. ಹಾಲಿನ ಬೂತಿನ ಮುಂದೆ ನಿಂತು ನೋಡುತ್ತಿದ್ದೆ. ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ ನೋಡುತ್ತಿದ್ದೆ. ಪಾಠದ ನಡುವೆ ಹುಡುಗರಿಗೆ ಏನೋ ಬರೆಯಲು ಕೊಟ್ಟು, ಮೇಜಿನ ಕೆಳಗೆ ಫೋನ್ ಹಿಡಿದು, ಯಾರು ಹೊಗಳಿದ್ದಾರೆ ಎಂದು ನೋಡುತ್ತಿದ್ದೆ. ಈಗ ನೆನೆದರೆ ಮೈ ಮೇಲೆ ಏನೋ ಹರಿದಾಡಿದಂತಾಗುತ್ತದೆ.

ಓದುವುದು ನಿಧಾನ ಎಂದು ನೀವು ದೂರುತ್ತಿದ್ದಿರಿ. ಅಂಕಿ ಓದುವ ಭಾಗವನ್ನು ಹೊಸದಾಗಿ ಬರೆದು ವೇಗ ಹೆಚ್ಚಿಸಿದೆ. ರಾಜ್ಯೋತ್ಸವಕ್ಕೆ ಬಿಡುಗಡೆ ಎಂದು, ಯಾರನ್ನೂ ಕೇಳದೆ ಬಳಗದಲ್ಲಿ ಘೋಷಿಸಿಬಿಟ್ಟೆ. ರಾಜ್ಯೋತ್ಸವದ ದಿನ ಬೆಳಗಾಗುತ್ತಲೇ ಶುರುವಾಯಿತು — ಇನ್ನೂ ಬಂದಿಲ್ವಾ ಸರ್, ಎಷ್ಟು ಹೊತ್ತಿಗೆ ಸರ್, ಕಾಯ್ತಾ ಇದೀವಿ ಸರ್. ಇಮ್ತಿಯಾಜ್ ತಂಗಿಯ ಮದುವೆಗೆಂದು ಮಂಡ್ಯಕ್ಕೆ ಹೋಗಿದ್ದ. ಮಧ್ಯಾಹ್ನ ಸರ್ವಮಂಗಳ ಫೋನ್ ಮಾಡಿದರು.

“ಇವತ್ತು ಬಿಡ್ಬೇಡಿ ಇದನ್ನ. ಒಂದು, ಓರೆ ಗೀಟು, ಎರಡು ಅಂತ ಬರ್ದಿದ್ರೆ ಮುಂಚೆ ಅರ್ಧ ಅಂತ ಓದ್ತಿತ್ತು. ಈಗ ಒಂದು ಎರಡು ಅಂತಿದೆ. ಮಾತ್ರೆ ವಿಷ್ಯ ಓದಿಸ್ಕೊಳ್ಳೋರಿದ್ದಾರೆ ಕಣ್ರೀ.”

ಅವರು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ಗೀಟನ್ನು ಬಿಟ್ಟು ಓದುವಂತೆ ಮಾಡಿದ್ದೇ ನಾನು, ವೇಗಕ್ಕೆಂದು. ಸರಿಪಡಿಸಲು ಒಂದೆರಡು ದಿನ ಬೇಕಿತ್ತು. ಒಂದೆರಡು ದಿನ ಕಾಯಿರಿ ಎಂದು ನಿಮಗೆ ಬರೆಯಬೇಕಿತ್ತು — ಅಷ್ಟೇ. ಅಷ್ಟು ಬರೆಯಲು ನನ್ನ ಕೈ ಬರಲಿಲ್ಲ.

“ಸಣ್ಣ ವಿಷ್ಯ ಬುಡಿ ಮೇಡಂ, ಮುಂದಿನ ಸಲಕ್ಕೆ ನೋಡ್ಕೊಂಡ್ರಾಯ್ತು,” ಎಂದೆ. ಅವರು ಇನ್ನೇನೋ ಹೇಳುತ್ತಿದ್ದಂತೆಯೇ ಯಾರೋ ಬಂದರು ಎಂದು ಫೋನ್ ಇಟ್ಟೆ. ಯಾರೂ ಬಂದಿರಲಿಲ್ಲ. ಆಮೇಲೆ ಬಿಡುಗಡೆ ಮಾಡಿದೆ. ನೀವು ಕುಣಿದಾಡಿದಿರಿ.

ನಜರ್‌ಬಾದಿನಲ್ಲಿ ರಾಮಣ್ಣ ಎಂಬವರಿದ್ದಾರೆ. ದರ್ಜಿಯಾಗಿದ್ದವರು, ಸಕ್ಕರೆ ಕಾಯಿಲೆಯಿಂದ ನಡುವಯಸ್ಸು ದಾಟಿದ ಮೇಲೆ ದೃಷ್ಟಿ ಹೋಯಿತು. ಮಗಳು ಗಾಯತ್ರಿ ಅವರ ಜೊತೆಗೇ ಇದ್ದು, ಬಟ್ಟೆ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಾರೆ. ಆ ವಾರ ವೈದ್ಯರು ರಕ್ತದೊತ್ತಡಕ್ಕೆ ಹೊಸ ಮಾತ್ರೆ ಕೊಟ್ಟಿದ್ದರು, ಜೋರಿನದು. ಗಾಯತ್ರಿ ಬೆಳಿಗ್ಗೆ ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟು ಅವಸರದಲ್ಲಿ ಹೊರಟಿದ್ದಾರೆ. ಅಂಗಡಿ ತಲುಪಿದ ಮೇಲೆ ಎಷ್ಟು ನುಂಗಬೇಕೆಂದು ಸಂದೇಶ ಕಳಿಸಿದ್ದಾರೆ. ಒಂದು, ಗೀಟು, ಎರಡು, ಮಾತ್ರೆ. ‘ಓದುದನಿ’ ಅದನ್ನು ಓದಿತು — ಒಂದು ಎರಡು ಮಾತ್ರೆ. ರಾಮಣ್ಣನವರು ಎರಡು ನುಂಗಿದರು. ಎದ್ದು ಬಚ್ಚಲಿಗೆ ಹೋಗುವಾಗ ತಲೆ ಸುತ್ತಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮಗಳು ಬರುವವರೆಗೂ ಬಚ್ಚಲ ಕಲ್ಲಿನ ಮೇಲೇ ಇದ್ದರು.

ಗಾಯತ್ರಿ ನಮ್ಮ ಬಳಗಕ್ಕೆ ಬಂದು ನಡೆದದ್ದನ್ನೆಲ್ಲ ಬರೆದರು. ಕೊನೆಗೆ, ಇದನ್ನು ಯಾರೂ ನೋಡಲಿಲ್ಲವೇ ಎಂದು ಕೇಳಿದರು. ಅದನ್ನು ಓದಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಬಚ್ಚಲಲ್ಲಿ ಬಿದ್ದಿದ್ದ ಆ ಮನುಷ್ಯನ ಚಿತ್ರವಲ್ಲ. ಸರ್ವಮಂಗಳ ಅವರ ಫೋನ್ ಕರೆಯನ್ನು ಬೇರೆ ಯಾರಾದರೂ ಕೇಳಿಸಿಕೊಂಡಿದ್ದರೇ ಎಂಬ ಯೋಚನೆ. ಇಲ್ಲ ಎಂದು ಖಾತ್ರಿಯಾಯಿತು. ಆಮೇಲೆ ಹೀಗೆ ಬರೆದೆ:

“ಬಿಡುಗಡೆಗೆ ಮುಂಚಿನ ಪರೀಕ್ಷೆ ಸರ್ವಮಂಗಳ ಅವರ ಹೊಣೆ. ಅವರು ಎಲ್ಲ ಸರಿಯಿದೆ ಎಂದ ಮೇಲೆಯೇ ಬಿಡುಗಡೆ ಮಾಡಲಾಗಿದೆ. ಆದದ್ದಕ್ಕೆ ವಿಷಾದವಿದೆ.”

ಸರ್ವಮಂಗಳ, ನಾನು ಹೇಳಿದ್ದೆ, ಫೋನಿನಲ್ಲಿ ಹೇಳಿದ್ದೆ ಎಂದು ಬರೆದರು. ಒಂದೇ ಸಲ ಬರೆದರು. ನೀವು ನಂಬಲಿಲ್ಲ. ಹಿಂದಿನ ವಾರದವರೆಗೂ ಅವರಿಗೆ ಕೈ ಮುಗಿಯುತ್ತಿದ್ದವರೇ ಬೇಜವಾಬ್ದಾರಿ ಎಂದಿರಿ, ಸುಳ್ಳಿ ಎಂದಿರಿ. ನಾನು ಮೂಳೆ ಎಸೆದಿದ್ದೆ, ನೀವು ಬಿದ್ದು ಕಚ್ಚಿದಿರಿ. ನಿಮ್ಮ ಮೇಲೂ ನನಗೆ ಅಸಹ್ಯವಾಗಿತ್ತು, ಸುಳ್ಳೇಕೆ ಹೇಳಲಿ — ಆದರೆ ಎಸೆದ ಕೈ ನನ್ನದು. ಒಬ್ಬರಂತೂ, ಕಣ್ಣು ಕಾಣದವರ ಕೈಗೆ ಪರೀಕ್ಷೆಯ ಕೆಲಸ ಕೊಟ್ಟರೆ ಇನ್ನೇನಾಗುತ್ತೆ ಎಂದು ಬರೆದರು. ಕಣ್ಣು ಕಾಣದವರಿಗೆಂದೇ ಮಾಡಿದ ತಂತ್ರಾಂಶದ ಬಳಗದಲ್ಲಿ, ಕಣ್ಣಿದ್ದ ಸ್ವಯಂಸೇವಕರೊಬ್ಬರು ಬರೆದ ಮಾತು ಅದು. ಅಳಿಸುವ ಅಧಿಕಾರ ನನಗಿತ್ತು. ಅಳಿಸಲಿಲ್ಲ. ಅದರ ಕೆಳಗೆ ಹೃದಯದ ಗುರುತು ಒತ್ತಿದೆ.

ಯಾಕೆ ಒತ್ತಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಜನ ನನ್ನ ಕಡೆ ತಿರುಗದೆ ಆ ಕಡೆಗೇ ಹೋಗಲಿ ಎಂದೇ... ಇರಬೇಕು. ಒತ್ತಿದಾಗ ಹಾಯೆನಿಸಿತು. ಅದು ನೆನಪಿದೆ.

ಮರುದಿನ ಸರ್ವಮಂಗಳ ಫೋನ್ ಮಾಡಿದರು. ಬೈಯುತ್ತಾರೆಂದು ಕಾದೆ. ಬ್ಯಾಂಕಿನಲ್ಲಿ ಮಾತಾಡುವ ಸಮಾಧಾನದಲ್ಲೇ ಮಾತಾಡಿದರು.

“ಆ ಮಾತನ್ನ ನಂಗೆ ಓದಿ ಹೇಳಿದ್ದು ನಾವು ಮಾಡಿದ ದನಿನೇ, ನಾಗೇಂದ್ರ ಅವ್ರೇ. ಕೆಳಗೆ ಯಾರ್ಯಾರು ಹೃದಯ ಒತ್ತಿದ್ದಾರೆ ಅಂತಾನೂ ಓದ್ತು. ನಿಮ್ಮ ಹೆಸರನ್ನ ಚೆನ್ನಾಗಿ ಓದುತ್ತೆ. ಅದ್ರಲ್ಲಿ ತಪ್ಪಿಲ್ಲ.”

ಅಷ್ಟು ಹೇಳಿ ಫೋನ್ ಇಟ್ಟರು. ಬಳಗದಿಂದ ಹೊರಟುಹೋದರು.

ಮದುವೆ ಮುಗಿಸಿ ಬಂದ ಇಮ್ತಿಯಾಜ್ ಕೂತ ಜಾಗ ಬಿಟ್ಟೇಳದೆ ಗೀಟಿನ ತಪ್ಪನ್ನು ಸರಿಪಡಿಸಿದ. “ಮೇಡಂ ಇಂಥದ್ದನ್ನ ಬಿಡೋರಲ್ಲ ಸರ್,” ಎಂದು ನನ್ನ ಮುಖ ನೋಡಿದ. ಅವರ ಮನೆಯಲ್ಲಿ ಏನೋ ತೊಂದರೆಯಂತೆ, ಮನಸ್ಸು ಸರಿಯಿರಲಿಲ್ಲವೇನೋ ಎಂದೆ. ಒಂದು ಸುಳ್ಳಿಗೆ ಇನ್ನೊಂದನ್ನು ಹೊಲಿದೆ. ಅದೂ ಎಂಥದು — ಕನಿಕರದ ಬಣ್ಣದ್ದು. ಗುರುಗಳ ಮಾತೆಂದು ಅವನು ನಂಬಿದ.

ಕೆಲವು ತಿಂಗಳ ಮೇಲೆ ದೇವರಾಜ ಮಾರುಕಟ್ಟೆಯಲ್ಲಿ, ವೀಳ್ಯದೆಲೆ ಅಂಗಡಿಯ ಹತ್ತಿರ ಕಮಲಮ್ಮನವರು ಸಿಕ್ಕಿದರು. ನಾನು ತಪ್ಪಿಸಿಕೊಳ್ಳುವ ಮೊದಲೇ ಕೈ ಹಿಡಿದುಕೊಂಡರು. “ಯಾಕಪ್ಪಾ, ಮನೆ ಕಡೆ ಬರೋದೇ ಬುಟ್ಬುಟ್ಟೆ? ಕೆಲಸ ಮುಗೀತು ಅಂದ್ಲು ಇವಳು. ಮುಗಿದ್ರೆ ಬರಬಾರದು ಅಂತಿದ್ಯಾ?” ಎಂದರು. ಮಗಳು ಮನೆಯಲ್ಲಿ ಏನೂ ಹೇಳಿರಲಿಲ್ಲ. ನನ್ನ ಮಾನ ಉಳಿಸಲೋ, ತಾಯಿಯ ನೆಮ್ಮದಿ ಉಳಿಸಲೋ — ನನಗೆ ತಿಳಿಯದು. ಬರ್ತೀನಮ್ಮ ಎಂದೆ. ಹೋಗಲಿಲ್ಲ. ಮುಂದಿನ ವರ್ಷ ಕಮಲಮ್ಮನವರು ತೀರಿಕೊಂಡರೆಂದು ತಿಳಿದಾಗಲೂ ಹೋಗಲಿಲ್ಲ.

‘ಓದುದನಿ’ ಬೆಳೆಯಿತು. ನನಗೆ ಶಾಲು ಹೊದಿಸಿದರು, ಹಾರ ಹಾಕಿದರು, ನಿಸ್ವಾರ್ಥ ಸೇವೆಯ ಬಗ್ಗೆ ಮಾತಾಡಿ ಎಂದರು. ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ.

ಈಚೆಗೆ ಬಳಗಕ್ಕೆ ಸೇರಿದ ಹುಡುಗಿಯೊಬ್ಬಳು, ಮೊದಲ ಆವೃತ್ತಿಗಳನ್ನೆಲ್ಲ ಯಾರು ಪರೀಕ್ಷೆ ಮಾಡುತ್ತಿದ್ದರು ಎಂದು ಕೇಳಿದಳು. ಯಾರೋ ಉತ್ತರಿಸಿದರು — ಒಬ್ಬ ಹೆಂಗಸು ಇದ್ದರಂತೆ, ಬೇಜವಾಬ್ದಾರಿಯಿಂದ ಅನಾಹುತ ಮಾಡಿದರಂತೆ, ನಾಗೇಂದ್ರ ಸರ್ ತೆಗೆದುಹಾಕಿದರಂತೆ. ನನ್ನ ಸುಳ್ಳು ನನ್ನ ಸಹಾಯವಿಲ್ಲದೆಯೇ ಬೆಳೆದು, ಚರಿತ್ರೆಯಾಗಿ ಕೂತಿತ್ತು. ಫೋನನ್ನು ಕೈಯಲ್ಲಿ ಹಿಡಿಯಲಾಗಲಿಲ್ಲ, ಕೊಳೆತದ್ದೇನನ್ನೋ ಮುಟ್ಟಿದ ಹಾಗಾಯಿತು.

ಮೊದಲು ಇಮ್ತಿಯಾಜ್‌ಗೆ ಹೇಳಿದೆ. ನನ್ನನ್ನು ಸರ್ ಎನ್ನುವುದನ್ನು ಅವನು ಅಂದಿನಿಂದ ಬಿಟ್ಟಿದ್ದಾನೆ.

ಆಮೇಲೆ ನಜರ್‌ಬಾದಿಗೆ ಹೋದೆ. ರಾಮಣ್ಣನವರು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು, ಕೈಗೆ ಸಿಗುವಂತೆ ವಾಕರ್. ಗಾಯತ್ರಿ ಅವರನ್ನೂ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಗಾಯತ್ರಿ ಎದ್ದು ಒಳಗೆ ಹೋದವರು ತಿರುಗಿ ಬರಲಿಲ್ಲ. ರಾಮಣ್ಣನವರು ವಾಕರನ್ನು ಹತ್ತಿರಕ್ಕೆ ಎಳೆದುಕೊಂಡರು.

“ನಂಗೆ ಬೇರೆ ಯಾರೂ ಹೇಳ್ಲಿಲ್ಲ ಸ್ವಾಮಿ, ದನಿದು ತಪ್ಪು ಅಂತ. ಮಗಳು ಏನೋ ಹೇಳುದ್ಲು, ನನ್ನ ಸಮಾಧಾನಕ್ಕೆ ಅಂದ್ಕೊಂಡೆ. ನನ್ನ ಕಿವಿನೇ ಕೆಟ್ಟೋಗದೆ ಅಂದ್ಕೊಂಬುಟ್ಟಿದ್ದೆ. ಆವತ್ತಿಂದ ಯಾರು ಏನೇ ಹೇಳುದ್ರೂ ಎರಡೆರಡು ಸಲ ಕೇಳ್ತೀನಿ. ಬಯ್ಸ್ಕೊತೀನಿ.”

ಕಣ್ಣು ಹೋದ ಮನುಷ್ಯನಿಗೆ ತನ್ನ ಕಿವಿಯ ಮೇಲಿದ್ದ ನಂಬಿಕೆಯನ್ನೂ ನಾನು — ಈ ವಾಕ್ಯವನ್ನು ಮುಗಿಸಲು ನನಗೆ ಆಗುತ್ತಿಲ್ಲ.

ಕೊನೆಗೆ ಕೃಷ್ಣಮೂರ್ತಿಪುರಂ. ಸರ್ವಮಂಗಳ ಬಾಗಿಲು ತೆರೆದರು, ನನ್ನ ದನಿ ಗುರುತಿಸಿದರು, ಒಳಗೆ ಕರೆಯಲಿಲ್ಲ. ಜಗಲಿಯಲ್ಲೇ ನಿಂತು, ನಡೆದದ್ದನ್ನು ನಡೆದ ಹಾಗೆ ಬಳಗದಲ್ಲಿ ಬರೆಯುತ್ತೇನೆ, ನಿಮ್ಮ ಹೆಸರು ಹಾಕಿ ಬರೆಯಲು ಒಪ್ಪಿಗೆ ಬೇಕು ಎಂದೆ. ಅದನ್ನು ಬರೆದ ಮೇಲೆ ‘ಓದುದನಿ’ಯ ಬಿಡುಗಡೆಯ ಅಧಿಕಾರವಾಗಲಿ, ಬಳಗದಲ್ಲಿ ಜಾಗವಾಗಲಿ ನನಗಿರುವುದಿಲ್ಲ, ಎಲ್ಲವನ್ನೂ ಇಮ್ತಿಯಾಜ್‌ಗೆ ಒಪ್ಪಿಸಿದ್ದೇನೆ ಎಂದೂ ಹೇಳಿದೆ. ಅವರು ಬಾಗಿಲ ಚೌಕಟ್ಟಿಗೆ ಕೈ ಊರಿ ಕೇಳಿಸಿಕೊಂಡರು.

“ಬರೀರಿ,” ಎಂದರು. “ನನ್ನ ಹೆಸರು ಹಾಕೇ ಬರೀರಿ. ಕ್ಷಮಿಸಿದ್ರು ಅಂತ ಮಾತ್ರ ಬರೀಬೇಡಿ. ನಾನು ಕ್ಷಮಿಸಿಲ್ಲ.”

ಅವರು ಹೇಳಿದಂತೆಯೇ ಬರೆದಿದ್ದೇನೆ.